ವ್ಯಾಪ್ತಿ ಮೀರಿದ ಅರ್ಜಿ: ತಿರಸ್ಕರಿಸಬೇಕಾದವರು ಯಾರು?

ಅಂತರರಾಷ್ಟ್ರೀಯ ನ್ಯಾಯಾಲಯಗಳ ಅಧಿಕಾರ ನಿಂತಿರುವುದು ರಾಷ್ಟ್ರಗಳ ಸಮ್ಮತಿಯ ಮೇಲೆ. ಸಮ್ಮತಿ ಇಲ್ಲದಿದ್ದರೆ ದೂರು ಎಷ್ಟೇ ಗಂಭೀರವಾಗಿದ್ದರೂ ವಿಚಾರಣೆ ನಡೆಯದು. ಹಾಗಿದ್ದೂ ವ್ಯಾಪ್ತಿಗೆ ಬಾರದ ಅರ್ಜಿಗಳು ಬರುತ್ತಲೇ ಇರುತ್ತವೆ. ಅವನ್ನು ಯಾರು, ಯಾವ ಹಂತದಲ್ಲಿ ವಿಲೇವಾರಿ ಮಾಡಬೇಕು ಎಂಬ ವಿಷಯದಲ್ಲಿ ಒಂದೇ ಪದ್ಧತಿ ಇಲ್ಲ.

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಮೊದಲ ಜರಡಿ ರಿಜಿಸ್ಟ್ರಿ. ಅಲ್ಲಿ ರಾಷ್ಟ್ರಗಳಷ್ಟೇ ಕಕ್ಷಿದಾರರಾಗಬಹುದು. ವ್ಯಕ್ತಿಗಳ ಮನವಿ ನ್ಯಾಯಮೂರ್ತಿಗಳ ಮುಂದೆ ಪ್ರಕರಣವಾಗಿ ಹೋಗುವುದೇ ಇಲ್ಲ. 1950ರ ದಶಕದಲ್ಲಿ ಅಮೆರಿಕವು ಹಂಗರಿ ಮತ್ತು ಸೋವಿಯತ್ ಒಕ್ಕೂಟದ ವಿರುದ್ಧ, ಬ್ರಿಟನ್ ಅರ್ಜೆಂಟೀನಾ ಮತ್ತು ಚಿಲಿ ವಿರುದ್ಧ ಅರ್ಜಿ ಹಾಕಿದಾಗ ಎದುರಾಳಿಗಳ ಸಮ್ಮತಿ ಇರಲಿಲ್ಲ. ಆದರೂ ಅವು ಪ್ರಕರಣಗಳ ಪಟ್ಟಿ ಸೇರಿದವು, ಬಳಿಕ ಆದೇಶದ ಮೂಲಕ ಕೈಬಿಡಲ್ಪಟ್ಟವು. ಹೀಗೆ ಪ್ರಚಾರಕ್ಕಾಗಿ ಪಟ್ಟಿ ಬಳಕೆಯಾಗುವುದನ್ನು 1978ರ ನಿಯಮಾವಳಿ ತಡೆಯಿತು. 38ನೇ ನಿಯಮದ 5ನೇ ಉಪನಿಯಮದಂತೆ ಅಂಥ ಅರ್ಜಿಯನ್ನು ಎದುರಾಳಿ ರಾಷ್ಟ್ರಕ್ಕೆ ಕಳುಹಿಸಲಾಗುತ್ತದೆ. ಅದು ಒಪ್ಪುವವರೆಗೆ ಅರ್ಜಿ ಪಟ್ಟಿಗೇರದು. 2014ರಲ್ಲಿ ಮಾರ್ಷಲ್ ದ್ವೀಪಗಳು ಒಂಬತ್ತು ಅಣ್ವಸ್ತ್ರ ರಾಷ್ಟ್ರಗಳ ಮೇಲೆ ಹೂಡಿದ ದಾವೆಗಳಲ್ಲಿ ಪಟ್ಟಿಗೇರಿದ್ದು ಭಾರತ, ಪಾಕಿಸ್ತಾನ ಮತ್ತು ಬ್ರಿಟನ್ ವಿರುದ್ಧದವು ಮಾತ್ರ.

ಒಪ್ಪಂದವೊಂದರ ಹೆಸರು ಹೇಳಿಕೊಂಡು ಬರುವ ಅರ್ಜಿಯನ್ನು ರಿಜಿಸ್ಟ್ರಿ ತಡೆಯಲಾಗದು. 1999ರ ಏಪ್ರಿಲ್‌ನಲ್ಲಿ ಯುಗೊಸ್ಲಾವಿಯ ತನ್ನ ಮೇಲಿನ ಬಾಂಬ್ ದಾಳಿ ಪ್ರಶ್ನಿಸಿ ನೇಟೊದ ಹತ್ತು ರಾಷ್ಟ್ರಗಳ ಮೇಲೆ ದಾವೆ ಹೂಡಿತು. ನ್ಯಾಯಾಲಯಕ್ಕೆ ವ್ಯಾಪ್ತಿ ಕೊಡುವ ನರಮೇಧ ತಡೆ ಒಪ್ಪಂದದ 9ನೇ ವಿಧಿಗೆ ಅಮೆರಿಕ ಮತ್ತು ಸ್ಪೇನ್ ಮೊದಲೇ ಷರತ್ತು ಹಾಕಿದ್ದವು. ವ್ಯಾಪ್ತಿ ನಿಚ್ಚಳವಾಗಿ ಇಲ್ಲವೆಂದು ಜೂನ್ 2ರಂದೇ ಈ ಎರಡನ್ನೂ ಪಟ್ಟಿಯಿಂದ ತೆಗೆಯಲಾಯಿತು. ಉಳಿದ ಎಂಟೂ ಕೊನೆಗೆ ವ್ಯಾಪ್ತಿಯ ಕಾರಣಕ್ಕೇ ಬಿದ್ದುಹೋದವು. ಆದರೆ ಅದಕ್ಕೆ 2004ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

‘ನಿಚ್ಚಳ’ ಎಂಬ ಅಳತೆಗೋಲು ಎಲ್ಲ ಕಡೆ ಒಂದೇ ತೆರನಾಗಿ ಕೆಲಸ ಮಾಡುವುದಿಲ್ಲ. 2024ರಲ್ಲಿ ಜರ್ಮನಿಯ ವಿರುದ್ಧ ನಿಕರಾಗುವ ಕೋರಿದ ಮಧ್ಯಂತರ ಆದೇಶ ಸಿಗಲಿಲ್ಲ, ಆದರೆ ಪ್ರಕರಣ ಪಟ್ಟಿಯಲ್ಲಿ ಉಳಿಯಿತು. 2025ರ ಮಾರ್ಚ್‌ನಲ್ಲಿ ಸುಡಾನ್ ಯುಎಇ ವಿರುದ್ಧ ಹೂಡಿದ ದಾವೆ ಎರಡೇ ತಿಂಗಳಲ್ಲಿ ಪಟ್ಟಿಯಿಂದ ಹೊರಬಿತ್ತು. ಇಲ್ಲೂ ಅಡ್ಡಬಂದದ್ದು 9ನೇ ವಿಧಿಯ ಮೇಲಿನ ಷರತ್ತೇ. ಆದರೆ ತೀರ್ಮಾನ 9–7ರದು. ಏಳು ನ್ಯಾಯಮೂರ್ತಿಗಳು ಒಪ್ಪದ ಸಂಗತಿಯನ್ನು ನಿಚ್ಚಳ ಎನ್ನುವುದು ಕಷ್ಟ.

ಪೂರ್ಣ ವಾದ ಆಲಿಸಿದರೆ ವಿಳಂಬ ಖಚಿತ ಎಂದೇನೂ ಇಲ್ಲ. 1999ರ ಆಗಸ್ಟ್‌ನಲ್ಲಿ ಭಾರತ ಹೊಡೆದುರುಳಿಸಿದ ನೌಕಾಪಡೆ ವಿಮಾನದ ಬಗ್ಗೆ ಪಾಕಿಸ್ತಾನ ದಾವೆ ಹೂಡಿದಾಗ, ವ್ಯಾಪ್ತಿಯ ಪ್ರಶ್ನೆಯನ್ನೇ ಮೊದಲು ಕೈಗೆತ್ತಿಕೊಳ್ಳಲಾಯಿತು. ಕಾಮನ್‌ವೆಲ್ತ್ ಸದಸ್ಯರೊಂದಿಗಿನ ವಿವಾದಗಳನ್ನು ಹೊರಗಿಟ್ಟಿದ್ದ ಭಾರತದ 1974ರ ಘೋಷಣೆಯನ್ನು ಒಪ್ಪಿ 2000ದ ಜೂನ್ 21ರಂದು 14–2ರ ತೀರ್ಪು ಬಂತು.

ಅರುಷಾದಲ್ಲಿರುವ ಆಫ್ರಿಕಾದ ಮಾನವ ಹಕ್ಕು ನ್ಯಾಯಾಲಯದ ಅನುಭವ ಇದಕ್ಕೆ ತದ್ವಿರುದ್ಧ. ಸೆನೆಗಲ್ ವಿರುದ್ಧ ವ್ಯಕ್ತಿಯೊಬ್ಬರು 2008ರ ಆಗಸ್ಟ್‌ನಲ್ಲಿ ಅರ್ಜಿ ಹಾಕಿದರು. ವ್ಯಕ್ತಿಗಳ ದೂರಿಗೆ ಒಪ್ಪುವ ಘೋಷಣೆಯನ್ನು ಸೆನೆಗಲ್ ಮಾಡಿಯೇ ಇರಲಿಲ್ಲ. ಇಷ್ಟನ್ನು ಹೇಳುವ ತೀರ್ಪು ಬಂದದ್ದು 2009ರ ಡಿಸೆಂಬರ್ 15ರಂದು. ರಿಜಿಸ್ಟ್ರಾರ್ ಅವರ ಒಂದು ಪತ್ರದಲ್ಲಿ ಮುಗಿಯಬೇಕಿದ್ದ ಕೆಲಸವಿದು ಎಂಬುದು ನ್ಯಾಯಮೂರ್ತಿ ಫತ್ಸಾ ಊಗರ್ಗೂಜ್ ಅವರ ಪ್ರತ್ಯೇಕ ಅಭಿಪ್ರಾಯವಾಗಿತ್ತು. ಸ್ಟ್ರಾಸ್‌ಬರ್ಗ್‌ನ ಐರೋಪ್ಯ ನ್ಯಾಯಾಲಯ 2010ರಿಂದ ಇಂಥ ಅರ್ಜಿಗಳನ್ನು ಏಕಸದಸ್ಯ ಪೀಠಕ್ಕೆ ಬಿಟ್ಟಿದೆ. ಅದರ ನಿರ್ಧಾರವೇ ಅಂತಿಮ.

ಕಡತ ನೋಡಿದರೇ ಸಮ್ಮತಿ ಇಲ್ಲವೆಂದು ಗೊತ್ತಾಗುವ ಅರ್ಜಿಯನ್ನು ರಿಜಿಸ್ಟ್ರಿ ಹಿಂದಿರುಗಿಸಿದರೆ ಸಾಕು. ಷರತ್ತಿನ ಅರ್ಥ ಅಥವಾ ಸಿಂಧುತ್ವದ ಪ್ರಶ್ನೆ ಎದ್ದಾಗ ಮಾತ್ರ ನ್ಯಾಯಮೂರ್ತಿಗಳೇ ಕಾರಣ ಕೊಟ್ಟು ತೀರ್ಮಾನಿಸಬೇಕು. ಅವರಲ್ಲೇ ಗಂಭೀರ ಭಿನ್ನಾಭಿಪ್ರಾಯವಿದ್ದರೆ ಎರಡೂ ಕಡೆಯ ಪೂರ್ಣ ವಾದ ಆಲಿಸಬೇಕು. ಅರ್ಜಿ ವಜಾ ಆಯಿತೆಂದರೆ ಎದುರಾಳಿಗೆ ಕ್ಲೀನ್ ಚಿಟ್ ಸಿಕ್ಕಿತೆಂದಲ್ಲ. ವ್ಯಾಪ್ತಿ ಒಪ್ಪಿದರೂ ಒಪ್ಪದಿದ್ದರೂ ತಮ್ಮ ಕೃತ್ಯಗಳಿಗೆ ರಾಷ್ಟ್ರಗಳೇ ಹೊಣೆ ಎಂದು 1999ರ ಆದೇಶಗಳಲ್ಲೇ ಹೇಗ್ ನ್ಯಾಯಾಲಯ ಸ್ಪಷ್ಟಪಡಿಸಿದೆ.