ಕೇಳದ ನುಂಗೋ ಗ್ಯಾಸ್ ಗುಳಿಗಿ

1/5
ನಮ್ಮೂರು ಸುರೇಬಾನ. ಶಬರಿಕೊಳ್ಳದ ಕಥಿ ನಿಮಗೆಲ್ಲಾ ಗೊತ್ತು. ಶಬರಿ ಒಂದೊಂದು ಬಾರಿಹಣ್ಣು ತಾನು ಕಚ್ಚಿ ನೋಡಿ, ಆಮೇಲೆ ರಾಮಗ ಕೊಟ್ಲು. ಅದೇ ಊರಾಗ ನಾವು ಏನ್ ಮಾಡ್ತೀವಿ? ಮಿರ್ಚಿ ಭಜಿ ತಿಂದು ಎದಿ ಉರಿದ್ರ ಮೆಡಿಕಲ್ ಅಂಗಡಿಗೆ ಹೋಗಿ "ಒಂದು ಗ್ಯಾಸಿನ ಗುಳಿಗಿ ಕೊಡ್ರಿ" ಅಂತೀವಿ. ಹೆಸರು ಓದಂಗಿಲ್ಲ. ಎಷ್ಟು ದಿನ ಅಂತ ಕೇಳಂಗಿಲ್ಲ.
ನಮ್ಮ ಆಯಿ ಹಿಂಗ ಎರಡು ವರ್ಷ ನುಂಗ್ಯಾಳ. ದಿನಾ ಮುಂಜಾನೆ ಪ್ಯಾಂಟೊಪ್ರಜೋಲ್, ಥೈರಾಯ್ಡ್ ಗುಳಿಗಿ ಜೋಡಿ.

2/5
ಈ ಗುಳಿಗಿ ಹೊಟ್ಟ್ಯಾಗ ಆ್ಯಸಿಡ್ ಬಿಡೋ ಪಂಪನ್ನೇ ಬಂದ್ ಮಾಡ್ತೈತಿ. ಉರಿ ಹೋಗ್ತೈತಿ, ಖರೆ. ಆದ್ರ ಆ ಆ್ಯಸಿಡ್ಡಿಗೂ ಕೆಲಸ ಐತಿ. ಪಲ್ಯ, ಕಾಳಿನ ಕಬ್ಬಿಣ ರಕ್ತಕ್ಕ ಸೇರಾಕ ಅದು ಬೇಕು. ಊಟದಾಗಿನ ಬಿ12 ಬಿಡಿಸಾಕ ಬೇಕು. ಥೈರಾಯ್ಡ್ ಗುಳಿಗಿ ಕರಗಾಕೂ ಬೇಕು.
ಶಾಲ್ಯಾಗ ವಾರಕ್ಕೊಮ್ಮೆ ನೀಲಿ ಗುಳಿಗಿ ಕೊಡ್ತಿದ್ರಲ್ಲ, ನೆನಪೈತಿ? ಅದರಾಗ 60 ಮಿಲಿಗ್ರಾಂ ಕಬ್ಬಿಣ. ಸರ್ಕಾರ ರಕ್ತ ಕಡಿಮಿ ಅಂತ ಕಬ್ಬಿಣ ಕೊಡ್ತೈತಿ, ನಾವು ಗ್ಯಾಸ್ ಗುಳಿಗಿ ನುಂಗಿ ಅದರ ದಾರಿ ಅರ್ಧ ಮುಚ್ಚತೀವಿ. ಬಿಕಾಂ ಮಂದಿ ನಾವು, ಜಮಾ ಅಷ್ಟೇ ಬರೆದು ಖರ್ಚು ಬಿಟ್ರ ಲೆಕ್ಕ ಹೆಂಗ ಟ್ಯಾಲಿ ಆಗ್ತೈತಿ?

3/5
ಮನ್ಯಾಗ ಹಿರಿಯರಿದ್ರ ಇದನ್ನ ಲಕ್ಷ್ಯಕೊಟ್ಟು ಓದ್ರಿ.
• ಸಕ್ಕರಿ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೋತಾರಾ? ಅದೂ ಬಿ12 ಇಳಸ್ತೈತಿ. ಮ್ಯಾಲೆ ವರ್ಷಗಟ್ಟಲೆ ಗ್ಯಾಸ್ ಗುಳಿಗಿ, ಊಟ ಪೂರ್ತಿ ಸಸ್ಯಾಹಾರ. ಮೂರೂ ಕೂಡಿದ್ರ ಕೈಕಾಲು ಜುಮ್ಮೆನ್ನಾಕ ಹತ್ತಬಹುದು. ನಾವು ಅದಕ್ಕ "ವಯಸ್ಸಾತು" ಅಂತೀವಿ!
• ಹಾರ್ಟಿಗೆ ಕ್ಲೊಪಿಡೊಗ್ರೆಲ್ ಐತಾ? ಒಮೆಪ್ರಜೋಲ್ ಅದರ ಶಕ್ತಿ ಕಡಿಮಿ ಮಾಡ್ತೈತಿ. ಅಮೆರಿಕದ ಎಫ್‌ಡಿಎ 2009ರಲ್ಲೇ ಎಚ್ಚರಿಸಿದೆ.
• ವರ್ಷಕ್ಕಿಂತ ಹೆಚ್ಚು ತಗೊಂಡ್ರ ಮೆಗ್ನೀಷಿಯಂ ಇಳಿಯಬಹುದು. ಈ ಎಚ್ಚರಿಕೆ 2011ರದ್ದು.
• ಬಾಟಲಿಯ ಆಂಟಾಸಿಡ್ ಕೂಡ ಸುಮ್ಮನಿರಂಗಿಲ್ಲ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಜೋಡಿ ಕುಡಿದ್ರ ಆ ಔಷಧಿನ ಹೊಟ್ಟ್ಯಾಗ ಹಿಡಿದಿಡ್ತೈತಿ.

4/5
"ಹಂಗಾದ್ರ ಡಾಕ್ಟರು ಯಾಕ ಬರೀತಾರ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಅಲ್ಸರ್ ಆದವರಿಗೆ, ನೋವಿನ ಗುಳಿಗಿಯಿಂದ ಹೊಟ್ಟ್ಯಾಗ ರಕ್ತ ಸೋರೋ ಭಯ ಇದ್ದವರಿಗೆ ಇದು ಜೀವ ಉಳಿಸೋ ಔಷಧ. ಈ ಪೋಸ್ಟ್ ನೋಡಿ ಯಾರೂ ತಾವಾಗೇ ನಿಲ್ಲಸಬ್ಯಾಡ್ರಿ. ಒಮ್ಮೆಲೆ ಬಿಟ್ರ ಉರಿ ಇನ್ನೂ ಜಾಸ್ತಿ ಆಗಿ ಬರಬಹುದು.
ನನ್ನ ಜಗಳ "ಇರ್ಲಿ, ಒಂದು ಗ್ಯಾಸಿಂದೂ ತಗೋ" ಅನ್ನೋ ಚಟದ ಜೋಡಿ. ಸ್ಟ್ರಿಪ್ ತಿರುವಿ ನೋಡ್ರಿ: ಷೆಡ್ಯೂಲ್ ಎಚ್, ಅಂದ್ರ ಚೀಟಿ ಇಲ್ಲದ ಮಾರಂಗಿಲ್ಲ. ಬರೆದೈತಿ, ಓದವ್ರಿಲ್ಲ. ಮಾರೋರದ್ದೂ ತಪ್ಪು, ಕೇಳದ ನುಂಗೋ ನಮ್ಮದೂ ತಪ್ಪು.

5/5
ಆಯಿದು ಟಿಎಸ್‌ಎಚ್ ಏರಿದಾಗ ಗುಳಿಗಿ ಡೋಸ್ ಎರಡು ಸಲ ಹೆಚ್ಚು ಮಾಡಿದ್ರು. ಮೂರನೇ ಸಲ ಒಬ್ಬ ಡಾಕ್ಟರ್ ಕೇಳಿದ್ರು, "ಅಜ್ಜಿ, ಮತ್ತ ಏನೇನ್ ತಗೋತೀರಿ?" ಎರಡು ವರ್ಷದಾಗ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಾನು ಮೊಮ್ಮಗ, ದಿನಾ ನೀರು ತಂದು ಕೊಟ್ಟಾಂವ, ನಾನೂ ಕೇಳಿರಲಿಲ್ಲ.
ಇವತ್ತ ಮನ್ಯಾಗಿನ ಎಲ್ಲಾ ಸ್ಟ್ರಿಪ್ ಒಂದ ಚೀಲದಾಗ ಹಾಕ್ರಿ. ಮುಂದಿನ ಸಲ ಡಾಕ್ಟರ್ ಮುಂದ ಸುರುವಿ ಮೂರ ಮಾತು ಕೇಳ್ರಿ: ಇದು ಯಾಕ? ಎಷ್ಟು ದಿನ? ಇದರ ಜೋಡಿ ಇದು ನಡಿತೈತಾ?
ಶಬರಿ ಹಣ್ಣು ಕಚ್ಚಿ ನೋಡಿದ್ಲು. ನಾವು ಕನಿಷ್ಠ ಹೆಸರಾದ್ರೂ ಓದೋಣ.
ಫ್ಯಾಮಿಲಿ ಗ್ರೂಪಿಗೆ ಕಳಸ್ರಿ 🙏

#ಸುರೇಬಾನ #ರಾಮದುರ್ಗ #ಗ್ಯಾಸ್‌ಗುಳಿಗಿ #ಕೇಳಿನುಂಗ್ರಿ