ವಿದ್ಯುತ್ತಿಗೂ ಒಂದು ಹಗೇವು ಬೇಕು



‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಆದರೆ ನಮ್ಮ ಹಿರಿಯರು ತೂರಿದ ಕಾಳನ್ನು ಅಂದೇ ಉಂಡು ಮುಗಿಸುತ್ತಿರಲಿಲ್ಲ. ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬೆಳೆಯಿಲ್ಲದ ತಿಂಗಳುಗಳಿಗಾಗಿ ಕಾಪಾಡುತ್ತಿದ್ದರು. ಇಂದು ನಾವು ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಪಡೆಯುತ್ತಿದ್ದೇವೆ. ತೂರುವುದನ್ನು ಕಲಿತಿದ್ದೇವೆ, ಸಾಕಷ್ಟು ಹಗೇವುಗಳನ್ನು ಮಾತ್ರ ಇನ್ನೂ ತೋಡಿಲ್ಲ.

ನಮ್ಮ ಸುತ್ತಮುತ್ತಲೇ ನೋಡಿ. ರಾಮಗಿರಿಯ ಗುಡ್ಡಗಳ ಮೇಲೆ 1990ರ ದಶಕದಲ್ಲಿಯೇ ಗಾಳಿಯಂತ್ರಗಳು ಬಂದವು. ಮಡಕಶಿರಾಕ್ಕೆ ಹತ್ತಿರದ, ಕರ್ನಾಟಕದ ಪಾವಗಡದಲ್ಲಿ ಸುಮಾರು 13,000 ಎಕರೆ ಪ್ರದೇಶದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ 2019ರಲ್ಲಿ ಪೂರ್ಣಗೊಂಡಿತು. ಆದರೆ ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ನೀವು ಓದಲು ಕುಳಿತುಕೊಳ್ಳುವುದೂ, ಮನೆಯಲ್ಲಿ ಅಡುಗೆಯಾಗುವುದೂ ಅದೇ ಹೊತ್ತಿನಲ್ಲಿ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಉಳಿಸದೆ ಇದಕ್ಕೆ ಪರಿಹಾರವಿಲ್ಲ.

ಉಳಿಸಲು ಬ್ಯಾಟರಿ ಇದೆಯಲ್ಲ ಎಂದು ನೀವು ಕೇಳಬಹುದು. ಇನ್ವರ್ಟರಿಗೆ ಜೋಡಿಸುವ ಸೀಸದ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸವೆಯುತ್ತದೆ. ಸೀಸವು ಮಕ್ಕಳ ಆರೋಗ್ಯಕ್ಕೆ ವಿಷ. ಲಿಥಿಯಂ ಬ್ಯಾಟರಿ ಹಗುರ, ಆದರೆ ಕೆಟ್ಟಾಗ ಬೆಂಕಿ ಹೊತ್ತಿಕೊಳ್ಳುವ ಭಯವುಂಟು. ಇವೆರಡಕ್ಕಿಂತ ಭಿನ್ನವಾದುದು ಹರಿವಿನ ಬ್ಯಾಟರಿ.

ಇದರಲ್ಲಿ ಎರಡು ತೊಟ್ಟಿಗಳಿರುತ್ತವೆ. ಎರಡರಲ್ಲೂ ಸಲ್ಫ್ಯೂರಿಕ್ ಆಮ್ಲ ಬೆರೆತ ನೀರಿನಲ್ಲಿ ವೆನೇಡಿಯಂ ಎಂಬ ಲೋಹದ ಲವಣ ಕರಗಿರುತ್ತದೆ. ಪಂಪುಗಳು ಈ ದ್ರಾವಣಗಳನ್ನು ನಡುವೆ ಇರುವ ಕೋಶಗಳಿಗೆ ಹರಿಸುತ್ತವೆ. ಅಲ್ಲಿ ತೆಳುವಾದ ಒಂದು ಪೊರೆ ಅವು ಬೆರೆಯದಂತೆ ತಡೆಯುತ್ತದೆ. ವಿದ್ಯುತ್ತನ್ನು ತುಂಬಿದಾಗ ಒಂದು ದ್ರಾವಣ ನೇರಳೆ, ಇನ್ನೊಂದು ಹಳದಿ. ಖಾಲಿಯಾದಾಗ ಒಂದು ಹಸಿರು, ಇನ್ನೊಂದು ನೀಲಿ. ಹೆಚ್ಚು ಗಂಟೆ ವಿದ್ಯುತ್ ಬೇಕಾದರೆ ತೊಟ್ಟಿಯನ್ನು ಹಿರಿದು ಮಾಡಿದರಾಯಿತು. ಒಮ್ಮೆಗೇ ಹೆಚ್ಚು ವಿದ್ಯುತ್ ಬೇಕಾದರೆ ಕೋಶಗಳನ್ನು ಹೆಚ್ಚಿಸಬೇಕು. ನೀರೇ ಆಧಾರವಾದ್ದರಿಂದ ದ್ರಾವಣ ಉರಿಯುವುದಿಲ್ಲ. ಎರಡೂ ಕಡೆ ಒಂದೇ ಲೋಹವಿರುವುದರಿಂದ ಸ್ವಲ್ಪ ಬೆರೆತರೂ ಮತ್ತೆ ಸರಿಪಡಿಸಬಹುದು. ದ್ರಾವಣವನ್ನು ದಶಕಗಳ ನಂತರವೂ ಮರುಬಳಕೆ ಮಾಡಬಹುದು.

ಇದು ಕೇವಲ ಪ್ರಯೋಗಶಾಲೆಯ ಕನಸಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಸ್ಕಿಲ್ಲಾಸ್-ಕಜಾಕೋಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ವೆನೇಡಿಯಂ ಬ್ಯಾಟರಿಯನ್ನು ರೂಪಿಸಿದರು. ಚೀನಾದ ದಾಲಿಯನ್ ನಗರದಲ್ಲಿ 2022ರಲ್ಲಿ 4 ಲಕ್ಷ ಯೂನಿಟ್ ಹಿಡಿಯುವ ಬ್ಯಾಟರಿ ವಿದ್ಯುತ್ ಜಾಲಕ್ಕೆ ಸೇರಿತು. ನಮ್ಮ ದೇಶದಲ್ಲಿ ಎನ್‌ಟಿಪಿಸಿ ಸಂಸ್ಥೆ 2025ರಲ್ಲಿ ಗ್ರೇಟರ್ ನೋಯ್ಡಾದ ತನ್ನ ಸಂಶೋಧನಾ ಕೇಂದ್ರದಲ್ಲಿ 3,000 ಯೂನಿಟ್ ಸಾಮರ್ಥ್ಯದ ಬ್ಯಾಟರಿಯನ್ನು ಸ್ಥಾಪಿಸಿತು.

ಇದರ ದೋಷಗಳನ್ನೂ ಮುಚ್ಚಿಡಬಾರದು. ಇದರ ಬೆಲೆ ಹೆಚ್ಚು, ಗಾತ್ರ ದೊಡ್ಡದು. ನೂರು ಯೂನಿಟ್ ತುಂಬಿದರೆ ಮರಳಿ ಸಿಗುವುದು ಸುಮಾರು 65ರಿಂದ 80 ಮಾತ್ರ. ಆಮ್ಲವಿರುವುದರಿಂದ ಸೋರದಂತೆ ಎಚ್ಚರ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದ್ರಾವಣದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿದರೆ ಒಂದು ತೊಟ್ಟಿಯ ವೆನೇಡಿಯಂ ಗಟ್ಟಿಯಾಗಿ ತಳ ಸೇರತೊಡಗುತ್ತದೆ. ನಮ್ಮ ಸೀಮೆಯ ಬೇಸಿಗೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ.

ಆದ್ದರಿಂದ ನಾನು ಹೇಳುವುದಿಷ್ಟು. ಮೊಬೈಲಿಗೂ ವಾಹನಕ್ಕೂ ಲಿಥಿಯಂ ಇರಲಿ. ಹೊತ್ತು ತಿರುಗುವ ವಸ್ತುವಿಗೆ ಹಗುರವಾದುದೇ ಬೇಕು. ಆದರೆ ಇದ್ದಲ್ಲೇ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರ, ಶಾಲೆ, ಕುಡಿಯುವ ನೀರಿನ ಪಂಪುಮನೆಗಳಿಗೆ ಗಾತ್ರ ದೊಡ್ಡ ತೊಡಕಲ್ಲ. ಲಸಿಕೆ ಕೆಡದಂತೆ ಇರುಳೆಲ್ಲ ತಂಪು ಉಳಿಯಬೇಕು, ಹೆರಿಗೆ ಕೋಣೆಯಲ್ಲಿ ದೀಪ ಆರಬಾರದು. ಅಲ್ಲಿ ಬೇಕಾದುದು ಬೆಂಕಿಯ ಭಯವಿಲ್ಲದ, ಬಹುಕಾಲ ಬಾಳುವ ಸಾಧನ. ಬೆಲೆಯನ್ನು ಮೊದಲ ದಿನದ ಖರ್ಚಿನಿಂದ ಅಳೆಯದೆ, ಅದು ದುಡಿಯುವ ವರ್ಷಗಳಿಂದ ಅಳೆಯಬೇಕು.

ಇಂಥ ಬ್ಯಾಟರಿಗಳ ಪರೀಕ್ಷೆ ದೂರದ ನಗರಗಳಲ್ಲಿ ಮಾತ್ರ ನಡೆದರೆ ಸಾಲದು. ನಮ್ಮ ಬಿಸಿಲಿನಲ್ಲಿ, ನಮ್ಮ ಧೂಳಿನಲ್ಲಿ ನಡೆಯಬೇಕು. ನೆರಳು, ತಂಪು, ದುರಸ್ತಿಯ ವ್ಯವಸ್ಥೆ ಇಲ್ಲಿಗೆ ಹೊಂದುವಂತೆ ರೂಪುಗೊಳ್ಳಬೇಕು. ಸೌರಫಲಕಗಳಿಗೆ ನೆಲ ಕೊಟ್ಟ ಊರುಗಳಿಗೆ ರಾತ್ರಿಯ ಬೆಳಕು ಮೊದಲು ಸಲ್ಲಬೇಕಾದುದು ನ್ಯಾಯ.

ಈ ಕೆಲಸಕ್ಕೆ ಬೇಕಾದ ರಸಾಯನಶಾಸ್ತ್ರದ ಮೊದಲ ಪಾಠಗಳು ನಿಮ್ಮ ಶಾಲೆಯಲ್ಲಿಯೇ ಇವೆ. ಅವನ್ನು ಪರೀಕ್ಷೆಗಾಗಿ ಮಾತ್ರ ಓದಬೇಡಿ. ನಿಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಕರೆಂಟು ಹೋದಾಗ ಏನು ಮಾಡುತ್ತಾರೆಂದು ಕೇಳಿ ತಿಳಿಯಿರಿ. ಎಷ್ಟು ಗಂಟೆಗೆ ಎಷ್ಟು ಯೂನಿಟ್ ಬೇಕೆಂದು ಲೆಕ್ಕ ಹಾಕಿ. ಗ್ರಾಮಸಭೆಯಲ್ಲಿ ಹಿರಿಯರು ಆ ಲೆಕ್ಕವನ್ನು ಮುಂದಿಟ್ಟು ಕೇಳಿದರೆ, ಉತ್ತರ ಕೊಡದೆ ಯಾರೂ ಜಾರಿಕೊಳ್ಳಲಾರರು.