‘ನಾಝಿ ಬ್ಲ್ಯಾಕ್ ಮೆಟಲ್’ ಅನ್ನೋದು ಸಂಗೀತ ಪ್ರಕಾರವೇ?

ಬ್ಲ್ಯಾಕ್ ಮೆಟಲ್ ಕೇಳುವವರ ನಡುವೆ ಮೂವತ್ತು ವರ್ಷಗಳಿಂದ ಮುಗಿಯದ ಒಂದು ಜಗಳ ಇದೆ. ಯಾವುದನ್ನು ಬ್ಲ್ಯಾಕ್ ಮೆಟಲ್ ಅನ್ನಬೇಕು? ಕಿವಿಗೆ ಬೀಳುವ ಸದ್ದನ್ನು ನೋಡಿ ಹೇಳಬೇಕೋ, ಹಾಡುವವನ ನಂಬಿಕೆ ನೋಡಿ ಹೇಳಬೇಕೋ? ಹೊರಗಿನವರಿಗೆ ಇದು ಕೆಲಸ ಇಲ್ಲದವರ ವಾದ. ಆದರೆ ಈ ವಾದದ ಹಿಂದೆ ಸುಟ್ಟ ಚರ್ಚುಗಳಿವೆ, ಒಂದು ಕೊಲೆ ಇದೆ, ಸಂಗೀತದ ಹೆಸರಲ್ಲಿ ಇವತ್ತಿಗೂ ಮಾರಾಟವಾಗುತ್ತಿರುವ ನಾಝಿ ಪ್ರಚಾರ ಇದೆ. ಹಾಗಾಗಿ ಸ್ವಲ್ಪ ತಲೆ ಕೆಡಿಸಿಕೊಳ್ಳೋಣ.

ಮಜಾ ಏನಂದ್ರೆ, ಈ ಹೆಸರು ಹುಟ್ಟಿದ್ದೇ ಬೇರೆ ಸದ್ದಿನಿಂದ. 1982ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೆನಮ್ ಬ್ಯಾಂಡ್ ‘ಬ್ಲ್ಯಾಕ್ ಮೆಟಲ್’ ಅಂತ ಒಂದು ಆಲ್ಬಮ್ ತಂದಿತು. ಅದನ್ನು ಈಗ ಕೇಳಿದರೆ ವೇಗವಾಗಿ ಬಾರಿಸಿದ ಒರಟು ಹೆವಿ ಮೆಟಲ್ ಅಷ್ಟೇ. ವೆನಮ್‌ನವರಿಗೆ ಸೈತಾನ ವೇದಿಕೆ ಮೇಲಿನ ವೇಷ. ನಾವು ಇವತ್ತು ಬ್ಲ್ಯಾಕ್ ಮೆಟಲ್ ಅಂತ ಗುರುತಿಸುವ ಸದ್ದು, ಅಂದ್ರೆ ಜೇನುಗೂಡು ಕೆದಕಿದ ಹಾಗೆ ಕೇಳುವ ಟ್ರೆಮೊಲೊ ಗಿಟಾರ್, ನಿಲ್ಲದ ಬ್ಲಾಸ್ಟ್ ಬೀಟ್, ಗಂಟಲು ಹರಿಯುವ ಕಿರುಚು, ಬೇಕಂತಲೇ ಕಳಪೆಯಾಗಿ ಮಾಡಿದ ರೆಕಾರ್ಡಿಂಗ್, ಇವೆಲ್ಲ ಗಟ್ಟಿಯಾಗಿದ್ದು ತೊಂಬತ್ತರ ದಶಕದ ಆರಂಭದ ನಾರ್ವೆಯಲ್ಲಿ.

ಅಲ್ಲಿ ವೇಷ ನಂಬಿಕೆಯಾಯಿತು. ಮೇಹೆಮ್ ಬ್ಯಾಂಡಿನ ಗಿಟಾರಿಸ್ಟ್ ಯೂರೋನಿಮಸ್‌ನದ್ದು ಒಂದೇ ಹಟ: ಸದ್ದು ಹೇಗಾದರೂ ಇರಲಿ, ಸೈತಾನನ ಮೇಲೆ ನಂಬಿಕೆ ಇಲ್ಲದಿದ್ದರೆ ಅದು ಬ್ಲ್ಯಾಕ್ ಮೆಟಲ್ ಅಲ್ಲ. ವ್ಯಾಖ್ಯಾನ ಹೀಗೆ ನಿಂತಮೇಲೆ ‘ನಾನು ನಿಜವಾದವನು’ ಅಂತ ಸಾಬೀತು ಮಾಡಲು ಒಳ್ಳೆಯ ಹಾಡು ಸಾಲುವುದಿಲ್ಲ. 1992ರ ಜೂನ್‌ನಲ್ಲಿ ಬರ್ಗೆನ್ ಬಳಿಯ ಫಾಂಟಾಫ್ಟ್‌ನ ಮರದ ಚರ್ಚು ಸುಟ್ಟುಹೋಯಿತು. ಅದರ ಅವಶೇಷದ ಫೋಟೋ ಬರ್ಝಮ್‌ನ ರೆಕಾರ್ಡೊಂದರ ಮುಖಪುಟವಾಯಿತು. 1993ರ ಆಗಸ್ಟ್‌ನಲ್ಲಿ ಬರ್ಝಮ್‌ನ ವರ್ಗ್ ವಿಕರ್ನೆಸ್, ಯೂರೋನಿಮಸ್‌ನನ್ನೇ ಇರಿದು ಕೊಂದ. ಆ ಕೊಲೆಗೂ ಬೇರೆ ಚರ್ಚುಗಳಿಗೆ ಬೆಂಕಿ ಇಟ್ಟಿದ್ದಕ್ಕೂ ಸೇರಿ 21 ವರ್ಷದ ಶಿಕ್ಷೆಯಾಗಿ, 2009ರಲ್ಲಿ ಹೊರಬಂದ.

ಸೈತಾನನಿಗೆ ಅಂತ ಮೀಸಲಿಟ್ಟ ಆ ಜಾಗಕ್ಕೆ ಜನಾಂಗದ್ವೇಷ ಬಂದು ಕೂರಲು ತಡವಾಗಲಿಲ್ಲ. 1994ರಲ್ಲಿ ಡಾರ್ಕ್‌ಥ್ರೋನ್ ತನ್ನ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮ್ಮಿಗೆ ‘ನಾರ್ವೆಯ ಆರ್ಯ ಬ್ಲ್ಯಾಕ್ ಮೆಟಲ್’ ಅನ್ನೋ ಹಣೆಪಟ್ಟಿ ಹಚ್ಚಿಕೊಂಡು ಗಲಾಟೆಯಾಗಿ, ಕ್ಷಮೆ ಕೇಳಬೇಕಾಯಿತು. ಮುಂದೆ ‘ನ್ಯಾಷನಲ್ ಸೋಷಿಯಲಿಸ್ಟ್ ಬ್ಲ್ಯಾಕ್ ಮೆಟಲ್’ ಅನ್ನೋದೇ ಒಂದು ಉಪಪ್ರಕಾರದ ಹೆಸರಾಗಿ ಓಡಾಡತೊಡಗಿತು. ಡೂಮ್, ಥ್ರ್ಯಾಶ್ ಇದ್ದ ಹಾಗೆ ಇದೂ ಒಂದು ಅನ್ನುವಂತೆ.

ನನ್ನ ತಕರಾರು ಇಲ್ಲಿದೆ. ಎಂಜಿನಿಯರಿಂಗ್‌ನಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಮರೆತಿದ್ದೇನೆ, ಆದರೆ ಇದೊಂದು ನೆನಪಿದೆ: ಒಂದು ಕಾಲಮ್ಮಿನಲ್ಲಿ ಎರಡು ಬೇರೆ ಬೇರೆ ಮಾಹಿತಿ ತುಂಬಿದರೆ ಇಡೀ ಟೇಬಲ್ ಕೆಡುತ್ತದೆ. ಅಮೆರಿಕದ ಪ್ಯಾನಾಪ್ಟಿಕಾನ್ 2012ರಲ್ಲಿ ‘ಕೆಂಟಕಿ’ ಅಂತ ಆಲ್ಬಮ್ ಮಾಡಿತು. ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟದ ಕತೆ. ಬ್ಯಾಂಜೋ, ಪಿಟೀಲಿನ ಪಕ್ಕದಲ್ಲೇ ಬ್ಲಾಸ್ಟ್ ಬೀಟ್. ಲಿವರ್‌ಪೂಲ್‌ನ ಡಾನ್ ರೇಯ್ಡ್ ನೇರವಾಗಿ ಫ್ಯಾಸಿಸ್ಟ್ ವಿರೋಧಿ, ಅರಾಜಕತಾವಾದಿ ಬ್ಯಾಂಡಾಗಿತ್ತು. ಇವರ ಮತ್ತು ನಾಝಿ ಬ್ಯಾಂಡುಗಳ ಪದಗಳನ್ನು ತೆಗೆದುಹಾಕಿ, ಬರೀ ಗಿಟಾರು ಡ್ರಮ್ಮುಗಳನ್ನು ಕೇಳಿಸಿದರೆ, ಯಾರು ಹಿಟ್ಲರನ ಭಕ್ತ, ಯಾರು ಯೂನಿಯನ್ ಪರ ಅಂತ ಹೇಳಲು ಆಗುವುದೇ ಇಲ್ಲ. ನಾಝಿ ಟಿಪ್ಪಣಿಯಲ್ಲಿ ಹೊಸ ಸ್ವರ ಇಲ್ಲ, ಹೊಸ ತಾಳ ಇಲ್ಲ. ಅದೊಂದು ರಾಜಕೀಯ ಪಕ್ಷದ ಬಾವುಟ. ಅದನ್ನು ‘ಪ್ರಕಾರ’ ಅಂತ ಕರೆದ ಕೂಡಲೇ ಅದಕ್ಕೆ ಅಭಿರುಚಿಯ ರಕ್ಷಣೆ ಸಿಗುತ್ತದೆ. ‘ನನಗೆ ಆ ಥರದ ಮ್ಯೂಸಿಕ್ ಇಷ್ಟ’ ಅಂದರೆ ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ನಂಬಿಕೆಯೇ ಅಳತೆಗೋಲು ಅನ್ನುವವರ ಪೇಚಾಟ ನೋಡಬೇಕಂದ್ರೆ 1994ಕ್ಕೇ ಹೋಗಬೇಕು. ಆಸ್ಟ್ರೇಲಿಯಾದ ಒಬ್ಬನೇ ಕೂತು ಮಾಡಿದ ಹೋರ್ಡ್ ಅನ್ನೋ ಪ್ರಾಜೆಕ್ಟು, ಅದೇ ಕೊರೆಯುವ ಸದ್ದಿನಲ್ಲಿ ಕ್ರೈಸ್ತ ಭಕ್ತಿ ಹಾಡಿತು. ಅಭಿಮಾನಿಗಳು ಕೆಂಡವಾದರು. ಅದನ್ನು ‘ಅನ್‌ಬ್ಲ್ಯಾಕ್ ಮೆಟಲ್’ ಅನ್ನೋ ಬೇರೆ ಹೆಸರಿನಡಿ ಹೊರಗಿಟ್ಟರು. ಏಸುವಿನ ಹೆಸರು ಬಂದರೆ ಪ್ರಕಾರ ಬದಲಾಗುತ್ತದೆ. ಹಿಟ್ಲರ್ ಬಂದರೆ ಉಪಪ್ರಕಾರ ಮಾತ್ರ, ಮನೆಯೊಳಗೇ ಜಾಗ!

‘ಹಾಗಿದ್ರೆ ಸದ್ದು ಮಾತ್ರ ನೋಡೋಣ, ರಾಜಕೀಯ ಬಿಡಿ’ ಅನ್ನುವವರೂ ಇದ್ದಾರೆ. ನಾನು ಹೇಳ್ತಿರೋದು ಅದಲ್ಲ. ಪ್ರಕಾರದ ಕಾಲಮ್ಮಿನಲ್ಲಿ ಸದ್ದು ಇರಲಿ, ರಾಜಕೀಯಕ್ಕೆ ಅದರದೇ ಕಾಲಮ್ ಇರಲಿ, ಅದು ಖಾಲಿ ಇರಬಾರದು. 2017ರ ಆಗಸ್ಟ್‌ನಲ್ಲಿ, ಷಾರ್ಲಟ್ಸ್‌ವಿಲ್ ಹಿಂಸಾಚಾರದ ಬೆನ್ನಲ್ಲೇ ಸ್ಪಾಟಿಫೈ ಒಂದಷ್ಟು ಬಿಳಿಯ ಜನಾಂಗವಾದಿ ಬ್ಯಾಂಡುಗಳನ್ನು ತೆಗೆದುಹಾಕಿತು. ಆಧಾರವಾಗಿದ್ದು ದ್ವೇಷ ಗುಂಪುಗಳ ಮೇಲೆ ಕಣ್ಣಿಡುವ ಅಮೆರಿಕದ ಸಂಸ್ಥೆಯೊಂದು ಅದಕ್ಕೂ ಮೂರು ವರ್ಷ ಮೊದಲೇ ಮಾಡಿದ್ದ ಪಟ್ಟಿ. ಅಂದ್ರೆ ಮಾಹಿತಿ ಇತ್ತು, ಅದನ್ನು ನೋಡಲು ಬೀದಿಯಲ್ಲಿ ಹೆಣ ಬೀಳಬೇಕಾಯಿತು.

ಇನ್ನು, ಬರೀ ಪದ ಹುಡುಕಿ ಕಾಲಮ್ ತುಂಬುತ್ತೇವೆ ಅಂದರೂ ಆಗಲ್ಲ. ಸಿಂಗಪುರದಲ್ಲಿ ಭಾರತೀಯ ಮೂಲದವರು ಕಟ್ಟಿದ ರುದ್ರ ಅನ್ನೋ ಬ್ಯಾಂಡ್ ತನ್ನ ಸಂಗೀತವನ್ನು ‘ವೇದಿಕ್ ಮೆಟಲ್’ ಅನ್ನುತ್ತದೆ. ಸದ್ದು ಬಹುಪಾಲು ಡೆತ್ ಮೆಟಲ್, ವಿಷಯ ವೇದಾಂತ. ಅವರ 2001ರ ಆಲ್ಬಮ್ಮಿನ ಹೆಸರು ‘ದಿ ಆರ್ಯನ್ ಕ್ರುಸೇಡ್’. ಡಾರ್ಕ್‌ಥ್ರೋನ್ ಹಚ್ಚಿಕೊಂಡಿದ್ದೂ ಅದೇ ‘ಆರ್ಯ’. ಸಂಸ್ಕೃತದಲ್ಲಿ ಅದಕ್ಕೆ ‘ಶ್ರೇಷ್ಠ’ ಅನ್ನೋ ಅರ್ಥ ಇದೆ, ಅದೇ ಪದ ನಮ್ಮಲ್ಲಿ ಹೊತ್ತಿರುವ ಜಾತಿ ರಾಜಕೀಯವೂ ಇದೆ. ಯುರೋಪಿನಲ್ಲಿ ಕೂತವನಿಗೆ ಅದು ನಾಝಿ ಪದ, ಇಲ್ಲಿನ ಒಬ್ಬನಿಗೆ ಗರ್ವ, ಇನ್ನೊಬ್ಬನಿಗೆ ಗಾಯ. ಇದನ್ನು ಬಿಡಿಸಿ ಹೇಳುವ ಟ್ಯಾಗ್ ಇನ್ನೂ ಯಾರ ಹತ್ತಿರವೂ ಇಲ್ಲ. ಸದ್ಯಕ್ಕೆ ಹಾಡಿನ ಸಾಹಿತ್ಯ ತೆಗೆದು ಕೂತು ಓದುವುದೊಂದೇ ದಾರಿ.